ಮೂರು ಸಲ ಸೀಲ್ ಬದಲಿಸಿದರೂ ಎಡಗಾಲಿನ ಎಣ್ಣೆ ನಿಲ್ಲುತ್ತಿಲ್ಲ: ಹಳೆಯ ಟ್ರಯಲ್ಸ್ ಬುಲೆಟ್ಟಿನ ಮುಂದಿನ ಫೋರ್ಕ್

ಟಿಳಕವಾಡಿ 350

ಎಲ್ಲರಿಗೂ ನಮಸ್ಕಾರ. ನಮ್ಮ ಕಾಕಾ ಅವರ 1974ರ ಬುಲೆಟ್ 350 ಈಗ ಬೆಳಗಾವಿಯಲ್ಲಿ ನನ್ನ ಹತ್ತಿರ ಇದೆ. ಅವರು ಅದನ್ನು ಸೈನ್ಯದ ಹರಾಜಿನಲ್ಲಿ ಕೊಂಡು, ಸೈಲೆನ್ಸರ್ ಮೇಲಕ್ಕೆತ್ತಿಸಿ, ಮುಂದಿನ ಮಡ್‌ಗಾರ್ಡ್ ಎತ್ತರಿಸಿ, ಹಿಂದೆ ದೊಡ್ಡ ಸ್ಪ್ರಾಕೆಟ್ ಹಾಕಿಸಿ ಟ್ರಯಲ್ಸ್ ಗಾಡಿ ಮಾಡಿಕೊಂಡಿದ್ದರು. ಬೇಸಿಗೆಯಲ್ಲಿ ಖಾನಾಪುರದ ಕಡೆ ಮಲಪ್ರಭೆಯ ಪಾತ್ರ ಒಣಗಿದಾಗ, ಬಂಡೆಗಳ ಮೇಲೆ ಕಾಲೂರದೆ ಗಾಡಿ ಹತ್ತಿಸುವುದು ಅವರ ಭಾನುವಾರದ ಕೆಲಸ. ನಾನು ದಡದಲ್ಲಿ ಕುಳಿತು ಅವರ ಕಾಲು ಎಷ್ಟು ಸಲ ನೆಲಕ್ಕೆ ತಾಗಿತು ಎಂದು ಎಣಿಸುತ್ತಿದ್ದೆ. ಈಗ ಅವರಿಗೆ ವಯಸ್ಸಾಗಿದೆ, ಗಾಡಿ ನನ್ನ ಪಾಲಿಗೆ ಬಂದಿದೆ.

ತೊಂದರೆ ಹೀಗಿದೆ. ಮುಂದಿನ ಚಕ್ರವನ್ನು ಹಿಡಿದು ಏರಿಳಿಯುವ ಜೋಡಿ ಕಾಲುಗಳೇ ಫೋರ್ಕ್, ಅದರ ಎಡಗಾಲು ಎಣ್ಣೆ ಸೋರುತ್ತದೆ. ಹದಿನಾಲ್ಕು ತಿಂಗಳಲ್ಲಿ ಮೂರು ಸಲ ಎರಡೂ ಕಡೆಯ ಆಯಿಲ್ ಸೀಲ್ ಬದಲಿಸಿದ್ದೇನೆ. ಮೊದಲನೆಯದು ಎರಡು ತಿಂಗಳು ತಡೆಯಿತು, ಎರಡನೆಯದು ಆರು ವಾರ, ಮೂರನೆಯದು ಎರಡೇ ಭಾನುವಾರ. ಬಲಗಡೆ ಒಂದು ಹನಿಯೂ ಇಲ್ಲ.

ಇನ್ನೊಂದು ವಿಷಯ. ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ ಒತ್ತಿದರೆ ಫೋರ್ಕ್ ಇಳಿಯುತ್ತದೆ. ಬಿಟ್ಟರೆ ಮುಕ್ಕಾಲು ಭಾಗ ಏರಿ ಅಲ್ಲೇ ನಿಂತುಬಿಡುತ್ತದೆ. ಕೈಯಿಂದ ಎತ್ತಿದರೆ ಮಾತ್ರ ಪೂರ್ತಿ ಮೇಲೆ ಬರುತ್ತದೆ. ಡಾಂಬರು ರಸ್ತೆಯಲ್ಲಿ ಇದು ನಡೆದೀತು. ಟ್ರಯಲ್ಸ್‌ನಲ್ಲಿ ಮನುಷ್ಯ ನಡೆಯುವ ವೇಗದಲ್ಲಿ ಬಂಡೆ ಹತ್ತಬೇಕು. ಫೋರ್ಕ್ ಒಂದು ಕ್ಷಣ ಕಚ್ಚಿಕೊಂಡರೂ ಮುಂದಿನ ಚಕ್ರ ಕಲ್ಲಿನಿಂದ ಜಾರುತ್ತದೆ. ದಯವಿಟ್ಟು ದಾರಿ ತೋರಿಸಿ.

ಗೋಕಾಕ ರಸ್ತೆ

ಸೀಲ್ ಕಳಪೆ ಇರಬೇಕು. ಪೇಟೆಯಲ್ಲಿ ನಕಲಿ ಮಾಲು ತುಂಬಿದೆ. ಒಳ್ಳೆಯ ಕಂಪನಿಯದು ಹಾಕಿಸಿ, ಸರಿಯಾಗುತ್ತದೆ.

ಹಳೆಯ ಲೇಥ್

ಟಿಳಕವಾಡಿಯ ತಮ್ಮಾ, ನಾನು ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ 31 ವರ್ಷ ಹೈಡ್ರಾಲಿಕ್ ಸಿಲಿಂಡರ್ ಕೆಲಸ ಮಾಡಿ ನಿವೃತ್ತನಾದವನು. ಫೋರ್ಕ್ ನಮ್ಮ ಸಿಲಿಂಡರಿನ ತಮ್ಮನೇ. ಒಂದು ರಾಡು (ನಿನ್ನ ಫೋರ್ಕಿನಲ್ಲಿ ಪೈಪು), ಅದು ಜಾರುವ ಬಳೆಯಂಥ ಒಂದು ಬುಶ್, ಎಣ್ಣೆ ತಡೆಯುವ ಒಂದು ಸೀಲ್, ಒಳಗೆ ಎಣ್ಣೆ. ಆ ಲೆಕ್ಕದಿಂದ ಹೇಳುತ್ತೇನೆ, ಕೇಳು.

ಎರಡೂ ಕಾಲಿಗೆ ಒಂದೇ ಅಂಗಡಿಯ ಸೀಲ್, ಒಂದೇ ಎಣ್ಣೆ, ಹಾಕಿದ್ದೂ ನೀನೇ. ಬಲಗಾಲು ಒಣಗಿದೆ, ಎಡಗಾಲು ಒದ್ದೆಯಾಗಿದೆ. ಹಾಗಿರುವಾಗ ಸೀಲನ್ನು ಬೈದು ಏನು ಬಂತು? ಸೀಲಿನ ತುಟಿ ಮೆತ್ತನೆಯ ರಬ್ಬರು. ಅದರ ಬೆನ್ನಿಗೆ ಕೂದಲಿನಂಥ ಸುರುಳಿ ಸ್ಪ್ರಿಂಗ್ ಸುತ್ತಿಕೊಂಡು ತುಟಿಯನ್ನು ಪೈಪಿಗೆ ಒತ್ತಿ ಹಿಡಿಯುತ್ತದೆ. ಪೈಪು ದುಂಡಗೆ, ನೆಟ್ಟಗೆ, ನುಣ್ಣಗೆ ಇದ್ದರೆ ಆ ತುಟಿ ವರ್ಷಗಟ್ಟಲೆ ಎಣ್ಣೆ ಹಿಡಿಯುತ್ತದೆ. ಪೈಪಿನ ಮೇಲೆ ಸಾಸಿವೆಯ ಕಾಲು ಭಾಗದಷ್ಟು ತುಕ್ಕಿನ ಕುಳಿ ಬಿದ್ದಿದ್ದರೂ ಪ್ರತಿ ಏರಿಳಿತಕ್ಕೆ ಆ ಕುಳಿಯ ಅಂಚು ತುಟಿಯನ್ನು ಗೀರುತ್ತದೆ. ಪೈಪು ಬಾಗಿದ್ದರೆ ತುಟಿ ಒಂದು ಕಡೆ ಹಿಂಡಿಹೋಗಿ ಇನ್ನೊಂದು ಕಡೆ ಬಾಯಿ ಬಿಡುತ್ತದೆ. ಕಚ್ಚಿಕೊಂಡು ನಿಲ್ಲುತ್ತದೆ ಎಂದೆಯಲ್ಲ, ಅದನ್ನು ಓದಿದ ಮೇಲೆ ನನಗೆ ಬಾಗಿನ ಮೇಲೆಯೇ ಅನುಮಾನ.

ನಾಲ್ಕನೇ ಸೀಲ್ ಕೊಳ್ಳುವ ಮೊದಲು ಪೈಪು ಬಿಚ್ಚಿ ಮೂರು ಕೆಲಸ ಮಾಡು. ಹಳೆಯ ನೈಲಾನ್ ಕಾಲುಚೀಲವನ್ನು ಪೈಪಿನ ಉದ್ದಕ್ಕೂ ಎಳೆ, ಬೆರಳಿಗೆ ತಿಳಿಯದ ಕುಳಿ ನೂಲಿಗೆ ಸಿಕ್ಕುತ್ತದೆ. ಮೈಕ್ರೋಮೀಟರಿನಲ್ಲಿ ಮೇಲೆ, ನಡುವೆ, ಕೆಳಗೆ, ಪ್ರತಿ ಜಾಗದಲ್ಲಿ ಅಡ್ಡಡ್ಡ ಎರಡು ಸಲ ಅಳೆ. ಆಮೇಲೆ ವಿ ಆಕಾರದ ಕಚ್ಚಿರುವ ವಿ ಬ್ಲಾಕ್ ಮೇಲಿಟ್ಟು, ಏರುಪೇರನ್ನು ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಹಚ್ಚಿ ತಿರುಗಿಸು. ಡಯಲ್ ಇಲ್ಲದಿದ್ದರೆ ದಪ್ಪ ಗಾಜಿನ ಹಲಗೆಯ ಮೇಲೆ ಉರುಳಿಸಿ, ಕೆಳಗಿನಿಂದ ಬೆಳಕು ನುಸುಳುತ್ತದೆಯೇ ನೋಡು. ಅಳತೆ ಇಲ್ಲಿ ಬರೆ. ಅಳತೆ ಬರುವವರೆಗೂ ನಾನು ಬೇರೆ ಮಾತಾಡುವುದಿಲ್ಲ.

ಇಳಕಲ್ ಎರೆಮಣ್ಣು

ಒಂದು ಮಾತು ಸೇರಿಸುತ್ತೇನೆ. ನಿಮ್ಮ ಗಾಡಿಗೆ ಫೋರ್ಕಿನ ಮೇಲೆ ರಬ್ಬರ್ ಚೀಲ ಇದೆಯೇ? ನಮ್ಮ ಕಡೆ ಎರೆ ಹೊಲದ ದಾರಿಯಲ್ಲಿ ಓಡಿಸುವವರು ಅದನ್ನು ಹಾಕಿಯೇ ಹಾಕುತ್ತೇವೆ, ಇಲ್ಲದಿದ್ದರೆ ಒಣಗಿದ ಮಣ್ಣು ಸೀಲನ್ನು ತಿಂದುಹಾಕುತ್ತದೆ. ಆದರೆ ಚೀಲದ ಕೆಳಗೆ ಉಸಿರಾಡುವ ರಂಧ್ರ ಮುಚ್ಚಿಹೋದರೆ ಒಳಗೆ ಸೇರಿದ ನೀರು ಹೊರಗೆ ಬರುವುದಿಲ್ಲ. ನಾನು ಒಂದು ಮಳೆಗಾಲ ಪೂರ್ತಿ ಬಿಚ್ಚದೆ ಬಿಟ್ಟಿದ್ದೆ. ದೀಪಾವಳಿಗೆ ಬಿಚ್ಚಿದರೆ ಪೈಪಿನ ಸುತ್ತ ಉಂಗುರದಂತೆ ತುಕ್ಕು ಹಿಡಿದಿತ್ತು. ಬೆಳಗಾವಿಯ ಮಳೆಗೆ ಇನ್ನೂ ಬೇಗ ಹಿಡಿಯುತ್ತದೆ.

ಟಿಳಕವಾಡಿ 350

ಹಳೆಯ ಲೇಥ್ ಕಾಕಾ ಅವರಿಗೆ ನಮಸ್ಕಾರ. ನಿಮ್ಮ ಮಾತಿನಂತೆ ಶನಿವಾರ ಬೆಳಿಗ್ಗೆ ಕುಳಿತೆ.

ಗಾಡಿಯನ್ನು ಎಂಜಿನ್ ಕೆಳಗೆ ಮರದ ದಿಮ್ಮಿ ಕೊಟ್ಟು ನಿಲ್ಲಿಸಿ, ಮುಂದಿನ ಚಕ್ರ ತೆಗೆದೆ. ಕೆಳಗಿನ ನಟ್ ಬಿಚ್ಚಿ ಸ್ಟಡ್ಡನ್ನು ಮರದ ಸುತ್ತಿಗೆಯಿಂದ ಮೇಲಕ್ಕೆ ತಟ್ಟಿದ ಕೂಡಲೇ ಎಣ್ಣೆ ಹರಿಯಿತು. ಬಲಗಡೆಯದು ಕಪ್ಪಗಿದ್ದರೂ ಎಣ್ಣೆಯಂತೆ ಇತ್ತು. ಎಡಗಡೆಯದು ಬೂದು ಬಣ್ಣ. ಎರಡು ಬೆರಳ ನಡುವೆ ಉಜ್ಜಿ ಬಿಸಿಲಿಗೆ ಹಿಡಿದರೆ ಸಣ್ಣಗೆ ಮಿನುಗುತ್ತಿತ್ತು. ಅದು ಲೋಹದ ಪುಡಿ. ಮೂರು ಸಲ ಎಣ್ಣೆ ಚೆಲ್ಲಿದ್ದೇನೆ, ಒಮ್ಮೆಯೂ ಹೀಗೆ ನೋಡಿರಲಿಲ್ಲ.

ಸೀಲ್ ಹೌಸಿಂಗ್ ಬಿಚ್ಚಲು ಅರ್ಧ ದಿನ ಹಿಡಿಯಿತು. ಹಿಂದೆ ಯಾರೋ ಪೈಪ್ ಪಾನಾ ಹಾಕಿ ಅದರ ಮೈಯನ್ನು ಕಚ್ಚಿ ಹಾಳು ಮಾಡಿದ್ದಾರೆ. ನಾನು ಹಳೆಯ ಟ್ಯೂಬಿನ ಪಟ್ಟಿ ಸುತ್ತಿ, ಪಟ್ಟಿ ಪಾನಾದಿಂದ ತಿರುಗಿಸಿದೆ. ಬುಲೆಟ್ಟಿನಲ್ಲಿ ಈ ಹೌಸಿಂಗ್ ಥ್ರೆಡ್ಡಿನ ಮೇಲೆ ಕೂರುತ್ತದೆ ಎಂಬುದನ್ನು ಮರೆತು ಬಡಿದು ತೆಗೆಯಲು ಹೋಗಬೇಡಿ.

ಅಳತೆ: ಬಲ ಪೈಪು ಕವರಿನ ಒಳಗೆ, ಸೀಲ್ ಓಡಾಡದ ಜಾಗದಲ್ಲಿ 34.96 ಮಿ.ಮೀ., ಓಡಾಡುವ ಜಾಗದಲ್ಲಿ 34.89. ಅಲ್ಲಲ್ಲಿ ಸಣ್ಣ ಕುಳಿ. ಎಡ ಪೈಪು ಮೇಲೆ 34.96, ಸವೆದ ಜಾಗದಲ್ಲಿ ಒಂದು ಕಡೆ 34.91, ಅಡ್ಡಕ್ಕೆ 34.84. ನೆರೆಮನೆಯವರ ವರ್ಕ್‌ಶಾಪಿನ ವಿ ಬ್ಲಾಕ್ ಮೇಲಿಟ್ಟು ತಿರುಗಿಸಿದಾಗ ಬಲಗಡೆ ಮುಳ್ಳು 0.12 ಮಿ.ಮೀ. ಆಡಿತು, ಎಡಗಡೆ 0.70.

ಹಳೆಯ ಲೇಥ್

ಶಭಾಷ್. ಈಗ ಮಾತಾಡಬಹುದು.

ಡಯಲ್ ತೋರಿಸುವುದು ಬಾಗಿನ ಎರಡರಷ್ಟು. ಪೈಪು ಒಂದು ಸುತ್ತು ತಿರುಗಿದಾಗ ಬಾಗು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಬರುತ್ತದೆಯಲ್ಲ, ಅದಕ್ಕೆ. ಹಾಗಾಗಿ ಬಲಗಡೆಯ ಬಾಗು 0.06, ಎಡಗಡೆಯದು 0.35. ಗಾಡಿಗಳ ಕೈಪಿಡಿಗಳಲ್ಲಿ ಸಾಮಾನ್ಯವಾಗಿ 0.2 ಮಿ.ಮೀ. ಬಾಗಿನವರೆಗೆ ಮಾತ್ರ ಒಪ್ಪುತ್ತಾರೆ. ಅದೂ ರಸ್ತೆ ಗಾಡಿಗೆ. ನಿನ್ನಂತೆ ಬಂಡೆ ಹತ್ತುವವನಿಗೆ ಅದೂ ಜಾಸ್ತಿಯೇ. ಪೈಪು ಮೊಟ್ಟೆಯಾಕಾರಕ್ಕೆ ಸವೆದಿರುವುದು ಕೂಡ ಬಾಗಿನ ಕೆಲಸವೇ. ಬುಶ್ ಒಂದೇ ಮಗ್ಗುಲನ್ನು ಉಜ್ಜಿದೆ, ಆ ಪುಡಿಯೇ ನಿನ್ನ ಬೂದು ಎಣ್ಣೆ.

0.35 ಬಾಗನ್ನು ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ತಣ್ಣಗಿರುವಾಗಲೇ, ತಾಮ್ರದ ತುಂಡು ಕೊಟ್ಟು, ಸ್ವಲ್ಪ ಸ್ವಲ್ಪವೇ ಒತ್ತಿ ತೆಗೆಯಬಹುದು. ಆದರೆ ಒಂದು ಪ್ರಶ್ನೆಗೆ ಮೊದಲು ಉತ್ತರ ಕೊಡು. ಬಾಗು ಎಲ್ಲಿದೆ? ಎರಡೂ ಪೈಪುಗಳನ್ನು ಹಿಡಿಯುವ ಟಿ ಸ್ಟೆಮ್ ಕೆಳಗೇ ಇದ್ದರೆ ಗಾಡಿ ಎದುರಿನಿಂದ ಯಾವುದಕ್ಕೋ ಗುದ್ದಿದೆ. ಆ ಜಾಗದ ಬಣ್ಣ ನೋಡು. ನೀಲಿ ಅಥವಾ ಕಂದು ಛಾಯೆ ಇದೆಯೇ?

ಗೋಳಗುಮ್ಮಟ 19

ಎಲ್ಲರೂ ಹಿರಿಯರು, ತಪ್ಪು ತಿಳಿಯಬೇಡಿ. ವಿಜಯಪುರದಲ್ಲಿ ಓದುತ್ತಿದ್ದೇನೆ, ನಮ್ಮ ಅಜ್ಜನ ಬುಲೆಟ್ ಇದೆ. ಹೊಸ ಫೋರ್ಕ್ ಪೈಪು ಆನ್‌ಲೈನ್‌ನಲ್ಲೇ ಸಿಗುತ್ತದೆಯಲ್ಲ, ಹಳೆಯದಕ್ಕೆ ಇಷ್ಟು ಕಷ್ಟ ಏಕೆ? ಮತ್ತೆ, ಈ ಟ್ರಯಲ್ಸ್ ಎಂದರೆ ಮೋಟೋಕ್ರಾಸ್ ಬೇರೆ, ಇದು ಬೇರೆಯೇ?

ಟಿಳಕವಾಡಿ 350

ತಮ್ಮಾ, ಬೇರೆಯೇ. ಮೋಟೋಕ್ರಾಸ್‌ನಲ್ಲಿ ಯಾರು ಮೊದಲು ಮುಟ್ಟುತ್ತಾರೆ ಎಂಬುದು ಲೆಕ್ಕ. ಟ್ರಯಲ್ಸ್‌ನಲ್ಲಿ ವೇಗವೇ ಬೇಡ. ಬಂಡೆ, ಹಳ್ಳ, ಕೆಸರಿನ ಏರು, ಇಂಥ ಜಾಗದಲ್ಲಿ ಗುರುತು ಹಾಕಿದ ಹಾದಿಯನ್ನು ಕಾಲೂರದೆ ದಾಟಬೇಕು. ಒಮ್ಮೆ ಕಾಲೂರಿದರೆ ಒಂದು ದಂಡದ ಅಂಕ, ಎರಡು ಸಲಕ್ಕೆ ಎರಡು, ಮೂರು ಅಥವಾ ಹೆಚ್ಚು ಸಲಕ್ಕೆ ಮೂರು, ದಾಟಲಾಗದೆ ಹೋದರೆ ಐದು. ಕಡಿಮೆ ಅಂಕದವರು ಗೆದ್ದಂತೆ.

ಬುಲೆಟ್ ಈ ಆಟದಲ್ಲಿ ದೊಡ್ಡ ಹೆಸರು ಮಾಡಿದ ಗಾಡಿ. ಹಿಂದೆಯೂ ಸ್ಪ್ರಿಂಗ್ ಇರುವ ಬುಲೆಟ್ 1948ರಲ್ಲಿ ಇಂಗ್ಲೆಂಡಿನ ಕೋಲ್ಮೋರ್ ಟ್ರಯಲ್‌ನಲ್ಲಿ ಮೊದಲು ಕಾಣಿಸಿಕೊಂಡಾಗ, ಹಿಂದಿನ ಚಕ್ರ ಗಟ್ಟಿಯಾಗಿದ್ದರೇ ಹಿಡಿತ ಚೆನ್ನ ಎಂದು ನಂಬಿದ್ದವರೇ ಹೆಚ್ಚು. ಅದೇ ವರ್ಷ ಇಟಲಿಯ ಸಾನ್ ರೆಮೋದಲ್ಲಿ ನಡೆದ ಆರು ದಿನಗಳ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಬುಲೆಟ್ ಸವಾರರು ಚಿನ್ನದ ಪದಕ ತಂದರು. ಜಾನಿ ಬ್ರಿಟನ್ 1952 ಮತ್ತು 1957ರಲ್ಲಿ ಸ್ಕಾಟ್ಲೆಂಡಿನ ಆರು ದಿನದ ಟ್ರಯಲ್ ಗೆದ್ದದ್ದು ಬುಲೆಟ್ ಮೇಲೆಯೇ. ಕಾಕಾ ಅವರ ಟ್ರಂಕಿನಲ್ಲಿ ಒಂದು ಹಳೆಯ ಇಂಗ್ಲಿಷ್ ಪತ್ರಿಕೆಯ ಕತ್ತರಿಕೆ ಇದೆ, ಅದರಲ್ಲಿ ಒಬ್ಬ ಸವಾರ ಕಾಲ್ಮೆಟ್ಟುಗಳ ಮೇಲೆ ನಿಂತು ಹೊಳೆ ದಾಟುತ್ತಿದ್ದಾನೆ. ಅದನ್ನು ನೋಡಿಯೇ ಅವರು ಸೈಲೆನ್ಸರ್ ಎತ್ತಿಸಿದ್ದು.

ಹೊಸ ಪೈಪಿನ ವಿಷಯ ಹಿರಿಯರು ಹೇಳಲಿ.

ನವನಗರ ಬಾಗಲಕೋಟೆ

ತಮ್ಮಾ, ಹಳೆಯದನ್ನು ಉಳಿಸಿಕೊಳ್ಳಬೇಕು ಎನ್ನುವವಳು ನಾನೂ. ನಮ್ಮ ತಂದೆಯವರ ಯೆಜ್ಡಿ ನಮ್ಮ ಮನೆಯಲ್ಲಿದೆ. ಆಲಮಟ್ಟಿ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ನಮ್ಮ ಓಣಿ ಹೋದಾಗ, ಮನೆಯ ತೊಲೆ, ಬಾಗಿಲು, ಈ ಗಾಡಿ, ಇಷ್ಟನ್ನೇ ನವನಗರಕ್ಕೆ ತಂದೆವು. ಆದ್ದರಿಂದ ಹೊಸದು ಹಾಕಿ ಎಂದರೆ ನನಗೂ ಮನಸ್ಸು ಒಪ್ಪುವುದಿಲ್ಲ.

ಆದರೆ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಪೈಪಿನ ಕುಳಿ ಮುಚ್ಚಿಸಲು ಬಂಪರ್, ಸೈಲೆನ್ಸರಿಗೆ ಕ್ರೋಮ್ ಮಾಡುವ ಒಂದು ಅಂಗಡಿಗೆ ಕೊಟ್ಟೆ. ಕನ್ನಡಿಯಂತೆ ಹೊಳೆಯುತ್ತಾ ಬಂತು. ಮುನ್ನೂರು ಕಿಲೋಮೀಟರ್ ಓಡಿಸುವಷ್ಟರಲ್ಲಿ ಹೊಳಪು ಈರುಳ್ಳಿ ಸಿಪ್ಪೆಯಂತೆ ಎದ್ದಿತು. ಎದ್ದ ಚೂರು ಬ್ಲೇಡಿನಂತೆ ಸೀಲನ್ನು ಸೀಳಿತ್ತು. ಬುಶ್ಶಿನೊಳಗೂ ಚೂರುಗಳು. ಎರಡನೇ ಸಲ ಎಲ್ಲವನ್ನೂ ಹೊಸದಾಗಿ ಮಾಡಿಸಬೇಕಾಯಿತು.

ಹಳೆಯ ಲೇಥ್

ನವನಗರದ ತಂಗಿ ಬರೆದದ್ದನ್ನು ಎಲ್ಲರೂ ಎರಡು ಸಲ ಓದಿ. ಅಲಂಕಾರದ ಕ್ರೋಮ್ ಬೇರೆ, ಹಾರ್ಡ್ ಕ್ರೋಮ್ ಬೇರೆ. ಅಲಂಕಾರದ್ದರಲ್ಲಿ ಕೆಳಗೆ ನಿಕ್ಕಲ್ ಪದರ ಇರುತ್ತದೆ, ಮೇಲೆ ಕ್ರೋಮ್ ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ಕೂಡ ಇರುವುದಿಲ್ಲ. ಬರೀ ಹೊಳಪು. ಹೈಡ್ರಾಲಿಕ್ ರಾಡಿಗೆ ಹಾಕುವ ಹಾರ್ಡ್ ಕ್ರೋಮ್ ನೇರವಾಗಿ ಉಕ್ಕಿನ ಮೇಲೆ ಕೂರುತ್ತದೆ, ಸಾಮಾನ್ಯವಾಗಿ 20–25 ಮೈಕ್ರಾನ್. ಸವೆದ ರಾಡನ್ನು ಅಳತೆಗೆ ತರಬೇಕಾದರೆ ಅದಕ್ಕಿಂತ ದಪ್ಪವಾಗಿಯೇ ಕಟ್ಟಿ, ಗ್ರೈಂಡಿಂಗ್ ಮಾಡಿ ಇಳಿಸುತ್ತೇವೆ. ಮೊದಲು ಹಳೆಯ ಕ್ರೋಮ್ ಪೂರ್ತಿ ಕಳಚಬೇಕು, ಕುಳಿ ಹೋಗುವಷ್ಟು ಗ್ರೈಂಡ್ ಮಾಡಬೇಕು, ಆಮೇಲೆ ತೊಟ್ಟಿಗೆ. ಕುಳಿಯ ಮೇಲೆಯೇ ಕ್ರೋಮ್ ಹತ್ತಿಸಿದರೆ ಕುಳಿ ಮುಚ್ಚುವುದಿಲ್ಲ, ಅದರ ಅಂಚೇ ಇನ್ನಷ್ಟು ಏಳುತ್ತದೆ.

ಇನ್ನೊಂದು ಮಾತನ್ನು ಕೇಳದೆ ಕೆಲಸ ಕೊಡಬೇಡಿ. ಕ್ರೋಮ್ ತೊಟ್ಟಿಯಲ್ಲಿ ಉಕ್ಕು ಜಲಜನಕವನ್ನು ಹೀರಿಕೊಂಡು ಪೆಡಸಾಗುತ್ತದೆ. ತೊಟ್ಟಿಯಿಂದ ತೆಗೆದ ಮೇಲೆ ತಡಮಾಡದೆ 190 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕೆಲವು ತಾಸು ಭಟ್ಟಿಯಲ್ಲಿಡಬೇಕು. ಫೋರ್ಕ್ ಪೈಪು ಮುರಿದರೆ ಮನುಷ್ಯ ಮುಖದ ಮೇಲೆ ಬೀಳುತ್ತಾನೆ. ಭಟ್ಟಿಗೆ ಇಡುತ್ತೀರಾ ಎಂದು ಕೇಳಿದಾಗ ಅಂಗಡಿಯವರು ಅತ್ತಿತ್ತ ನೋಡಿದರೆ ಪೈಪನ್ನು ವಾಪಸ್ ತನ್ನಿ. ತೊಟ್ಟಿಯ ತೊಳೆದ ನೀರನ್ನು ಎಲ್ಲಿಗೆ ಬಿಡುತ್ತಾರೆ ಎಂದೂ ಕೇಳಿ. ಆ ಹಳದಿ ನೀರು ಕಡು ವಿಷ. ಅದನ್ನು ಶುದ್ಧಿ ಮಾಡದೆ ಗಟಾರಿಗೆ ಬಿಡುವವರಿಗೆ ನಾನಂತೂ ಕೆಲಸ ಕೊಡುವುದಿಲ್ಲ.

ವಿಜಯಪುರದ ಹುಡುಗ ಕೇಳಿದ್ದು ತಪ್ಪಲ್ಲ. ಹೊಸ ಪೈಪು ಅಳತೆಗೆ ಸರಿ ಇದ್ದರೆ ಧಾರಾಳವಾಗಿ ಹಾಕು. ಅಳೆಯದೆ ಹಾಕಬೇಡ, ಅಷ್ಟೇ. ನನ್ನ ಕೈಗೆ ಬಂದ ಒಂದು ಹೊಚ್ಚ ಹೊಸ ಪೈಪು ಮೇಲಿನಿಂದ ಕೆಳಗೆ ಬರುವಷ್ಟರಲ್ಲಿ 60 ಮೈಕ್ರಾನ್ ಸಣ್ಣದಾಗಿತ್ತು. 35 ಮಿ.ಮೀ. ರಾಡಿಗೆ ನಾವು ಹಿಡಿಯುವ ಎಫ್7 ಎಂಬ ಅಳತೆಯ ಮಿತಿಯಲ್ಲಿ 34.950ರಿಂದ 34.975ರವರೆಗೆ ಮಾತ್ರ ಜಾಗ, ಅಂದರೆ ಒಟ್ಟು 25 ಮೈಕ್ರಾನ್.

ಟಿಳಕವಾಡಿ 350

ಬಾಗು ಟಿ ಸ್ಟೆಮ್ ಕೆಳಗೇ ಇದೆ, ನಾಲ್ಕು ಬೆರಳಿನಷ್ಟು ಕೆಳಗೆ. ಗ್ರೀಸ್, ತುಕ್ಕು ಎಲ್ಲ ಒರೆಸಿ ಪೈಪಿನ ಒಳಗೆ ಬೆಳಕು ಬಿಟ್ಟು ನೋಡಿದೆ. ಅಲ್ಲಿ ಅಂಗೈ ಅಗಲ ಕಪ್ಪು ನೀಲಿ ಛಾಯೆ ಇದೆ.

ಪೈಪನ್ನು ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ನಮ್ಮ ಕಾಕಾ ಅವರ ಹತ್ತಿರ ಹೋದೆ. ಅವರು ಅದನ್ನು ಮಡಿಲಲ್ಲಿಟ್ಟುಕೊಂಡು ಬೆರಳಾಡಿಸಿ, ಬಾಗಿದ ಜಾಗಕ್ಕೆ ಬಂದ ಕೂಡಲೇ ನಿಲ್ಲಿಸಿದರು. ಒಂದು ಬೇಸಿಗೆ ಎರಡು ಬಂಡೆಗಳ ಸಂದಿಗೆ ಮುಂದಿನ ಚಕ್ರ ಸಿಕ್ಕು ಗಾಡಿ ಪಲ್ಟಿ ಹೊಡೆದಿತ್ತಂತೆ. ಮನೆಯಲ್ಲಿ ಗೊತ್ತಾದರೆ ಗಾಡಿ ಮಾರಿಸುತ್ತಾರೆ ಎಂದು ಹೆದರಿ, ದಾರಿಯಲ್ಲೇ ಸಿಕ್ಕ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಗ್ಯಾಸಿನಿಂದ ಕೆಂಪಗೆ ಕಾಯಿಸಿ ನೆಟ್ಟಗೆ ಮಾಡಿಸಿದ್ದರಂತೆ. ಕಾಕಿಗೆ ಇದು ಗೊತ್ತಾದದ್ದು ಮೊನ್ನೆ ನನ್ನ ಎದುರಿಗೇ.

ಈಗ ಏನು ಮಾಡಲಿ? ಇದು ಗಾಡಿಯ ಜೊತೆ ಬಂದ ಪೈಪು. ಬಿಡಲು ಮನಸ್ಸಿಲ್ಲ.

ಹಳೆಯ ಲೇಥ್

ಬಿಡಬೇಕು ತಮ್ಮಾ. ಕೆಂಪಗೆ ಕಾದ ಜಾಗದಲ್ಲಿ ಉಕ್ಕಿನ ಹದ ಹೋಗಿದೆ. ನೆಟ್ಟಗೆ ಮಾಡಿದರೂ ಮುಂದಿನ ಬಂಡೆಗೆ ಅಲ್ಲೇ ಬಾಗುತ್ತದೆ, ಅದೂ ನಿನ್ನ ಅದೃಷ್ಟ ಚೆನ್ನಾಗಿದ್ದರೆ. ಹೊರಗಿನಿಂದ ನೋಡಿ ಯಾರೂ ಅದರ ಬಲ ಹೇಳಲಾರರು. ಅದನ್ನು ಒರೆಸಿ, ಎಣ್ಣೆ ಸವರಿ ಮನೆಯಲ್ಲಿ ಇಟ್ಟುಕೊ. ಗಾಡಿಗೆ ಹಾಕಬೇಡ.

ಬಲಗಡೆಯದು ಉಳಿಯುತ್ತದೆ. ಸವೆತ ಕ್ರೋಮಿನಿಂದ ತುಂಬುವಷ್ಟೇ ಇದೆ.

ಗೋಕಾಕ ರಸ್ತೆ

ನಾನು ಮೊದಲು ಸೀಲಿನ ಮೇಲೆ ತಪ್ಪು ಹಾಕಿದ್ದೆ. ಈ ಚರ್ಚೆ ಓದಿದ ಮೇಲೆ ನಮ್ಮ ಅಟ್ಟ ಹುಡುಕಿದೆ. ನಮ್ಮ ಮಾವನ ಬುಲೆಟ್ ಗುಜರಿಗೆ ಹೋದಾಗ ಇಟ್ಟುಕೊಂಡಿದ್ದ ಒಂದು ಒಂಟಿ ಪೈಪು ಸಿಕ್ಕಿದೆ. ತುಕ್ಕು ಹಿಡಿದಿದೆ, ಆದರೆ ಕಡಪಾ ಕಲ್ಲಿನ ಮೇಲೆ ಉರುಳಿಸಿದರೆ ಎಲ್ಲೂ ಎಗರುವುದಿಲ್ಲ. ಭಾನುವಾರ ಬೆಳಗಾವಿಗೆ ಬರುತ್ತಿದ್ದೇನೆ, ತಂದುಕೊಡುತ್ತೇನೆ. ದುಡ್ಡಿನ ಮಾತು ಬೇಡ.

ಟಿಳಕವಾಡಿ 350

ಗೋಕಾಕದ ಅಣ್ಣ ಪೈಪು ತಂದುಕೊಟ್ಟರು. ಡಯಲ್‌ನಲ್ಲಿ ಮುಳ್ಳು 0.09 ಆಡಿತು. ಹಳೆಯ ಲೇಥ್ ಕಾಕಾ ತಾವೇ ಗಾಡಿ ಹತ್ತಿ ಉದ್ಯಮಬಾಗಕ್ಕೆ ನಮ್ಮ ಜೊತೆ ಬಂದರು. ಹನ್ನೆರಡು ದಿನವಾದ ಮೇಲೆ ಎರಡೂ ಪೈಪು ಹಾರ್ಡ್ ಕ್ರೋಮ್ ಆಗಿ ಕೈಗೆ ಬಂದಿವೆ, ಎರಡೂ 34.96. ಹೊಸ ಪೈಪುಗಳನ್ನು ಕೊಂಡಿದ್ದರೆ ಇದಕ್ಕಿಂತ ಕಡಿಮೆ ಖರ್ಚಾಗುತ್ತಿತ್ತು, ಸುಳ್ಳು ಹೇಳುವುದಿಲ್ಲ.

ಎಣ್ಣೆ ಯಾವುದು ಹಾಕಲಿ?

ಇಳಕಲ್ ಎರೆಮಣ್ಣು

ನಮ್ಮಲ್ಲಿ ಎಂಜಿನ್ ಆಯಿಲ್ ಹಾಕುವವರೇ ಹೆಚ್ಚು. ಬೇಸಿಗೆಯ ಬಿಸಿಲಿಗೆ ತೆಳು ಎಣ್ಣೆ ನೀರಾಗುತ್ತದೆ.

ಹಳೆಯ ಲೇಥ್

ಎಂಜಿನ್ ಆಯಿಲ್ ನಡೆಯುತ್ತದೆ, ಆದರೆ ಈ ಕೆಲಸಕ್ಕೆ ದಪ್ಪ. ಫೋರ್ಕ್ ಆಯಿಲ್ ಸಿಕ್ಕರೆ ಅದೇ ಉತ್ತಮ. ಹೈಡ್ರಾಲಿಕ್ ಎಣ್ಣೆಯೂ ಆದೀತು. ಡಬ್ಬಿಯ ಮೇಲಿನ 32, 46, 68 ಎಂಬ ಅಂಕಿ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆ ಎಣ್ಣೆಯ ಸ್ನಿಗ್ಧತೆ ಅಂದರೆ ದಪ್ಪ, ಸೆಂಟಿಸ್ಟೋಕ್ ಲೆಕ್ಕದಲ್ಲಿ. 32 ಎಂದರೆ ಸುಮಾರು ಎಸ್‌ಎಇ 10, 68 ಎಂದರೆ ಸುಮಾರು ಎಸ್‌ಎಇ 20. ನಿಧಾನವಾಗಿ ಓಡಿಸುವವನು 32ರಿಂದ ಶುರು ಮಾಡಿ ನೋಡಲಿ. ಯಾವುದೇ ಹಾಕಿ, ಎರಡೂ ಕಾಲಿಗೆ ಹನಿ ಲೆಕ್ಕದಲ್ಲಿ ಸಮ ಇರಬೇಕು. ಎಣ್ಣೆಯ ಮೇಲೆ ಉಳಿಯುವ ಗಾಳಿಯೂ ಒಂದು ಸ್ಪ್ರಿಂಗೇ. ಒಂದು ಕಡೆ ಎಣ್ಣೆ ಹೆಚ್ಚಾದರೆ ಆ ಕಡೆ ಗಾಳಿ ಬೇಗ ಬಿಗಿಯುತ್ತದೆ.

ಟಿಳಕವಾಡಿ 350

ನಿನ್ನೆ ಜೋಡಿಸಿದೆ. ಮುಂದೆ ಯಾರಿಗಾದರೂ ಬೇಕಾದೀತು ಎಂದು ವಿವರವಾಗಿ ಬರೆಯುತ್ತೇನೆ.

ಮೊದಲು ಹ್ಯಾಂಡಲ್ ತಿರುಗಲು ಗುಂಡುಗಳು ಕೂರುವ ಬಾಲ್ ರೇಸ್ ನೋಡಿದೆ. ಕಾಲು ಇಂಚಿನ ಗುಂಡುಗಳು ಅದರಲ್ಲಿ ಬಿಡಿಬಿಡಿಯಾಗಿ ಇರುತ್ತವೆ, ಬಿಚ್ಚುವಾಗ ಕೆಳಗೆ ಪರಾತ ಇಡಿ. ನನ್ನ ಒಂದು ಗುಂಡು ತುಳಸಿಕಟ್ಟೆಯ ಹಿಂದೆ ಸಿಕ್ಕಿತು. ಕೆಳಗಿನ ಕಪ್ಪಿನಲ್ಲಿ ಗುಂಡು ಕೂತು ಕೂತು ಗುಳಿ ಬಿದ್ದಿತ್ತು, ಜೋಡಿ ಬದಲಿಸಿದೆ. ಟಿ ಸ್ಟೆಮ್ ತಿರುಚಿದೆಯೇ ಎಂದು ನೋಡಲು ಎರಡೂ ಪೈಪು ಹಾಕಿ, ಅವುಗಳ ಮೇಲೆ ಗಾಜಿನ ತುಂಡು ಅಡ್ಡ ಇಟ್ಟೆ. ನಾಲ್ಕೂ ಕಡೆ ತಾಗಿ ಕೂತಿತು. ಹಳೆಯ ಬುಲೆಟ್ಟಿನ ಬೋಲ್ಟುಗಳಲ್ಲಿ ಹಲವು ಇಂಚಿಗೆ 26 ಸುತ್ತಿನ ಸೈಕಲ್ ಥ್ರೆಡ್. ಕಾಣಲು ಹತ್ತಿರ ಎಂದು ಮಿಲಿಮೀಟರ್ ಬೋಲ್ಟ್ ತುರುಕಬೇಡಿ.

ಬುಶ್ ಎರಡನ್ನೂ ಹಳೆಯ ಲೇಥ್ ಕಾಕಾ ಗನ್‌ಮೆಟಲ್‌ನಲ್ಲಿ ಹೊಸದಾಗಿ ಕಡೆದುಕೊಟ್ಟರು, ಪೈಪಿಗೂ ಬುಶ್ಶಿಗೂ ನಡುವೆ 0.08 ಮಿ.ಮೀ. ಬಿಟ್ಟು. ಎಣ್ಣೆ ಸವರಿ ಪೈಪನ್ನು ನೆಟ್ಟಗೆ ಹಿಡಿದು ಬುಶ್ಶನ್ನು ಮೇಲಿನಿಂದ ಬಿಟ್ಟರೆ ಅದು ಬೀಳಲಿಲ್ಲ. ಜೇನು ಇಳಿದಂತೆ ತನ್ನಷ್ಟಕ್ಕೆ ತಾನೇ ಕೆಳಗೆ ಇಳಿಯಿತು. ನಾನು ಅದನ್ನು ಐದಾರು ಸಲ ಮೇಲೆ ಎತ್ತಿ ಬಿಟ್ಟು ನೋಡಿದೆ.

ಸೀಲ್ ಹಾಕುವಾಗ ಪೈಪಿನ ತುದಿಯ ಚೂಪು ಅಂಚಿಗೆ ಹಾಲಿನ ಪಾಕೀಟಿನ ಪ್ಲಾಸ್ಟಿಕ್ ಸುತ್ತಿದೆ. ತುಟಿಗೆ ಗ್ರೀಸ್ ಸವರಿ, ಸ್ಪ್ರಿಂಗ್ ಇರುವ ಮಗ್ಗುಲನ್ನು ಎಣ್ಣೆಯ ಕಡೆಗೆ ಮಾಡಿ ಜಾರಿಸಿದೆ. ಹೌಸಿಂಗಿನೊಳಗೆ ಕೂರಿಸಲು ಸೀಲಿನ ಹೊರ ಅಂಚಿಗೆ ಸರಿಯಾಗುವ ಪಿವಿಸಿ ಪೈಪಿನ ತುಂಡು. ಸ್ಕ್ರೂಡ್ರೈವರ್‌ನಿಂದ ಸುತ್ತ ತಟ್ಟುವ ಅಭ್ಯಾಸ ನನಗಿತ್ತು. ಮೂರು ಸಲವೂ ಹಾಗೆಯೇ ಹಾಕಿದ್ದೆ, ಅದೂ ತಪ್ಪೇ.

ಎಣ್ಣೆ 32, ಅಳತೆಯ ಲೋಟದಿಂದ ಎರಡೂ ಕಡೆ 200 ಮಿಲಿಲೀಟರ್. ಚಕ್ರ ಹಾಕುವಾಗ ಚಕ್ರದ ಅಚ್ಚನ್ನು ಹಿಡಿಯುವ ಸ್ಪಿಂಡಲ್ ಕ್ಯಾಪ್‌ಗಳಲ್ಲಿ ಬ್ರೇಕಿನ ಕಡೆಯದನ್ನು ಬಿಗಿದು, ಇನ್ನೊಂದನ್ನು ಸಡಿಲ ಬಿಟ್ಟು, ಬ್ರೇಕ್ ಹಿಡಿದು ಫೋರ್ಕನ್ನು ಹತ್ತು ಸಲ ಒತ್ತಿದೆ. ಎರಡೂ ಕಾಲು ತಮ್ಮ ಜಾಗ ಹಿಡಿದ ಮೇಲೆ ಆ ಕ್ಯಾಪ್ ಬಿಗಿದೆ. ಎರಡನ್ನೂ ಮೊದಲೇ ಬಿಗಿದರೆ ಕಾಲುಗಳು ಒಂದನ್ನೊಂದು ಎಳೆಯುತ್ತವೆ, ನೆಟ್ಟಗಿನ ಪೈಪೂ ಕಚ್ಚಿಕೊಳ್ಳುತ್ತದೆ.

ಈಗ ಒತ್ತಿ ಬಿಟ್ಟರೆ ಪೂರ್ತಿ ಮೇಲೆ ಬರುತ್ತದೆ.

ನವನಗರ ಬಾಗಲಕೋಟೆ

ತುಂಬಾ ಸಂತೋಷವಾಯಿತು. ಬುಶ್ ಇಳಿದ ಭಾಗವನ್ನು ನಮ್ಮ ತಂದೆಯವರಿಗೆ ಓದಿ ಹೇಳಿದೆ. ಯೆಜ್ಡಿಗೂ ಹಾಗೆಯೇ ಮಾಡಿಸೋಣ ಎಂದಿದ್ದಾರೆ. ಹಳೆಯ ಲೇಥ್ ಅಣ್ಣಾವರೇ, ನಮ್ಮ ಪೈಪನ್ನು ಬಸ್ಸಿನಲ್ಲಿ ಕಳಿಸಿದರೆ ನೋಡುತ್ತೀರಾ?

ಹಳೆಯ ಲೇಥ್

ಕಳಿಸು ತಂಗಿ. ಆದರೆ ಮೊದಲು ನೀನೇ ಅಳೆದು, ಅಳತೆಯನ್ನು ಚೀಟಿಯಲ್ಲಿ ಬರೆದು ಒಳಗಿಡು. ಬಿದಿರಿನ ಬೊಂಬಿನಲ್ಲೋ ಪಿವಿಸಿ ಪೈಪಿನಲ್ಲೋ ಹಾಕು. ಬಸ್ಸಿನ ಡಿಕ್ಕಿಯಲ್ಲಿ ಜೋಳದ ಚೀಲದ ಕೆಳಗೆ ಬಿದ್ದರೆ ನೆಟ್ಟಗಿದ್ದದ್ದೂ ಬಾಗಿ ಬರುತ್ತದೆ.

ಟಿಳಕವಾಡಿ 350

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. 32ರ ಎಣ್ಣೆಯಲ್ಲಿ ಬಂಡೆ ಹತ್ತಿದ ಮೇಲೆ ಮುಂದಿನ ಚಕ್ರ ಎರಡು ಸಲ ಪುಟಿಯುತ್ತಿತ್ತು. 46 ಹಾಕಿದೆ, ಈಗ ಒಂದೇ ಸಲಕ್ಕೆ ಕೂರುತ್ತದೆ. ಎರಡೂ ಸೀಲ್ ಒಣಗಿವೆ. ಪೈಪಿನ ಮೇಲೆ ತೆಳುವಾದ ಎಣ್ಣೆಯ ಪಸೆ ಮಾತ್ರ ಇದೆ, ಅದು ಇರಲೇಬೇಕು ಎಂದು ಹಳೆಯ ಲೇಥ್ ಕಾಕಾ ಹೇಳಿದ್ದಾರೆ.

ಆದರೆ ಎಡಗಾಲಿನ ತಳದಲ್ಲಿ, ನಟ್ ಹತ್ತಿರ, ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆಗೆ ಒಂದು ಹನಿ. ಮತ್ತೆ ಶುರುವಾಯಿತೇ ಎಂದು ಎದೆ ಧಸಕ್ಕೆಂದಿತು.

ಹಳೆಯ ಲೇಥ್

ಅದು ಸೀಲಿನ ಎಣ್ಣೆಯಲ್ಲ, ತಳದ ಸ್ಟಡ್ಡಿನದು. ಫೈಬರ್ ವಾಶರ್ ಹಳೆಯದನ್ನೇ ಹಾಕಿರಬೇಕು. ಹೊಸದು ಹಾಕು. ಹಾಕುವ ಮೊದಲು ಕೂರುವ ಜಾಗವನ್ನು ಉಗುರಿನಿಂದ ನೋಡು, ಗೀರು ಇದ್ದರೆ ನುಣ್ಣನೆಯ ಎಮೆರಿ ಹಾಳೆಯಲ್ಲಿ ತೀಡು.

ಟಿಳಕವಾಡಿ 350

ಹೌದು, ಹಳೆಯದನ್ನೇ ಹಾಕಿದ್ದೆ. ಬದಲಿಸಿದೆ. ಕೆಳಗೆ ಹಾಸಿದ ರದ್ದಿ ಕಾಗದ ನಾಲ್ಕು ದಿನದಿಂದ ಒಣಗಿಯೇ ಇದೆ. ಬರುವ ಭಾನುವಾರ ಬೆಳಿಗ್ಗೆ ಆರಕ್ಕೆ ಖಾನಾಪುರಕ್ಕೆ ಹೊರಡುತ್ತೇವೆ. ಗೋಕಾಕದ ಅಣ್ಣ ಬರುತ್ತಾರೆ. ನಮ್ಮ ಕಾಕಾ ಕಾರಿನಲ್ಲಿ ಬಂದು ದಡದಲ್ಲಿ ಕುಳಿತು ಎಣಿಸುತ್ತೇನೆ ಎಂದಿದ್ದಾರೆ.